ಅವರ ರಿಕರ್ಷನ್ ಪಾಠ

ನನ್ನ ಗಂಡ ಮುದ್ದೇಬಿಹಾಳದ ಒಂದು ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸುತ್ತಿದ್ದರು. ನಾನು ಬಸವನ ಬಾಗೇವಾಡಿಯಲ್ಲಿ ಹೈಸ್ಕೂಲಿನ ಕನ್ನಡ ಟೀಚರ್. ಮನೆ ಬಾಗೇವಾಡಿಯಲ್ಲಿಯೇ ಇದ್ದುದರಿಂದ ಅವರು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಸಂಜೆ ಬಂದವರು ಕಾಲು ತೊಳೆಯುವ ಮೊದಲೇ ಅಂದಿನ ಪಾಠ ಹೇಗಾಯಿತು ಅನ್ನುವುದನ್ನು ನನಗೆ ಹೇಳಬೇಕು. ನನಗೆ ತಿಳಿಯುತ್ತದೋ ಇಲ್ಲವೋ ಎಂಬ ಚಿಂತೆ ಅವರಿಗಿರಲಿಲ್ಲ. ನಾನು ಜೋಳದ ಹಿಟ್ಟು ನಾದುತ್ತ ಹೂಂಗುಟ್ಟುತ್ತಿದ್ದೆ.

ಎಲ್ಲ ಪಾಠಗಳಲ್ಲೂ ಅವರಿಗೆ ಹೆಚ್ಚು ಪ್ರೀತಿಯದು ರಿಕರ್ಷನ್. ಒಂದು ಫಂಕ್ಷನ್ ತನ್ನ ಕೆಲಸ ಮುಗಿಸಲು ತನ್ನನ್ನೇ ಮತ್ತೆ ಕರೆಯುವುದು. ಆ ಪಾಠ ಬರುವ ವಾರ ಅವರು ಇಸ್ತ್ರಿ ಮಾಡಿದ ಅಂಗಿ ಕೇಳುತ್ತಿದ್ದರು. ನಾನು ನಗುತ್ತಿದ್ದೆ. "ನಗಬ್ಯಾಡ. ವರ್ಷದಾಗ ಇದೊಂದು ದಿನ ಹುಡುಗರ ಮುಖ ನೋಡಬೇಕು ನೀ. ತಿಳೀಲಾರದ ತಿಳೀಲಾರದ ಒಮ್ಮೆಲೇ ತಿಳಿದಬಿಡತೈತಿ," ಅನ್ನುತ್ತಿದ್ದರು.

ಮಗಳು ಏಳನೆಯ ತರಗತಿಯಲ್ಲಿದ್ದ ವರ್ಷ ಅವರಿಗೆ ಜ್ವರ ಬಂತು. ಹವಾಮಾನ ಬದಲಾಗಿದೆ, ಊರೆಲ್ಲ ಜ್ವರ, ಇದೂ ಅದೇ ಎಂದುಕೊಂಡು ಗುಳಿಗೆ ತಂದುಕೊಟ್ಟೆ. ಒಂದು ಮಧ್ಯಾಹ್ನ ಗಂಜಿ ಕುಡಿಸಲು ಹೋದಾಗ ಅವರು ನನ್ನನ್ನು "ಅಕ್ಕಾ" ಎಂದು ಕರೆದರು. ಸಿಂದಗಿಯಲ್ಲಿರುವ ಅವರ ಅಕ್ಕನೆಂದು ತಿಳಿದಿದ್ದರು. ಜ್ವರದ ಮಬ್ಬು ಎಂದುಕೊಳ್ಳುವಷ್ಟರಲ್ಲಿ ಫಿಟ್ಸ್ ಬಂತು. ಓಣಿಯವರು ಕಾರು ತಂದರು. ವಿಜಯಪುರದ ಆಸ್ಪತ್ರೆಯಲ್ಲಿ ಮೆದುಳಿಗೆ ಸೋಂಕು ತಗುಲಿದೆ ಎಂದರು. ಬಹಳ ದಿನ ನಾನು ಐಸಿಯುವಿನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ಅವರು ಬದುಕುವುದಿಲ್ಲ ಎಂದೇ ಅಂದುಕೊಂಡಿದ್ದೆ.

ಅವರು ಬದುಕಿದರು. ಕಣ್ಣು ತೆರೆದು, ನನ್ನನ್ನು ಗುರುತು ಹಿಡಿದು, ಚಹಾ ಕೇಳಿದರು. ನಾನು ಹೊರಗೆ ಓಡಿಬಂದು ಅವರ ಅಕ್ಕನ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಚಹಾ ಕುಡಿದರು. ಲೋಟ ಕೆಳಗಿಟ್ಟೆವು. ಸ್ವಲ್ಪ ಹೊತ್ತಿನ ಮೇಲೆ ನರ್ಸ್ ಬಂದು ಬಿ.ಪಿ. ನೋಡಿ ಹೋದಳು. ಅವಳು ಹೋದ ಮೇಲೆ ನನ್ನ ಕಡೆ ತಿರುಗಿ, "ಒಂದೀಟು ಚಹಾ ಸಿಗತೈತೇನು?" ಎಂದರು.

ಡಾಕ್ಟರು ನಮ್ಮ ಕಡೆಯವರೇ, ಇಂಡಿಯವರು. ನನ್ನ ತವರು ಇಂಡಿ ತಾಲೂಕು ಅಂತ ಗೊತ್ತಾದ ಮೇಲೆ ಬಹಳ ಮರ್ಯಾದೆಯಿಂದ ಮಾತಾಡಿದರು. "ಹಳೇದೆಲ್ಲಾ ಉಳದೈತ್ರೀ ಅಕ್ಕಾರ. ಓದಿದ್ದು, ಕಲಿಸಿದ್ದು, ನಿಮ್ಮ ಮದಿವಿ, ಎಲ್ಲಾ ಐತಿ. ಹೊಸಾದು ನಿಲ್ಲೂದಿಲ್ಲ. ಮಾತಾಡುವಾಗ ನೆನಪಿರತೈತಿ, ನಡುವ ಬ್ಯಾರೆ ಏನರ ಬಂತು ಅಂದ್ರ ಹಿಂದಿಂದು ಅಳಿಸಿ ಹೋಗತೈತಿ."

"ಸುಧಾರಿಸ್ತಾರೇನ್ರಿ?"

"ಸ್ವಲ್ಪ ಸುಧಾರಿಸಬಹುದು. ಮೊದಲಿನಂಗ ಅಂತ ನಾ ಹೇಳಾಂಗಿಲ್ರಿ."

ಮನೆಗೆ ಬಂದ ಮೇಲೆ ಡಾಕ್ಟರ ಮಾತು ಏನೆಂದು ತಿಳಿಯಿತು. ಕೊತ್ತಂಬರಿ ತರುತ್ತೇನೆಂದು ಹೋದವರು ದಾರಿಯಲ್ಲಿ ಯಾರೋ ಸಿಕ್ಕು ಮಾತಾಡಿಸಿದರೆ ಬರಿಗೈಯಲ್ಲಿ ನಗುತ್ತ ಬರುತ್ತಿದ್ದರು. ಏನು ತರಲು ಹೋಗಿದ್ದೆ ಎಂಬುದಷ್ಟೇ ಅಲ್ಲ, ಏನಾದರೂ ತರಲು ಹೋಗಿದ್ದೆ ಎಂಬುದೂ ಅವರಿಗೆ ತಿಳಿಯುತ್ತಿರಲಿಲ್ಲ. ಸ್ನಾನ ಅರ್ಧಕ್ಕೆ ಬಿಟ್ಟು, ಬಾಗಿಲು ಬಡಿದವರನ್ನು ಮಾತಾಡಿಸಿ, ಸೋಪು ಹತ್ತಿದ ಮೈಯಲ್ಲೇ ಪಡಸಾಲೆಯಲ್ಲಿ ಕುಳಿತಿರುತ್ತಿದ್ದರು. ಮಗಳು ಟವೆಲ್ ತಂದು ಒರೆಸುತ್ತಿದ್ದಳು. ಆಕೆಗೆ ಇದು ಮೊದಮೊದಲು ಆಟದಂತಿತ್ತು. ಆಮೇಲೆ ಅಲ್ಲ.

ಅವರ ಅಕ್ಕ ಸಿಂದಗಿಯಿಂದ ಬಂದು ನಮ್ಮ ಜೊತೆಗೇ ಇದ್ದರು. ನಾನು ಶಾಲೆಗೆ ಹೋದಾಗ ಮನೆಯಲ್ಲಿ ಯಾರಾದರೂ ಇರಲೇಬೇಕಿತ್ತು. ಆಕೆ ಗಟ್ಟಿ ಹೆಣ್ಣುಮಗಳು. ತಮ್ಮನೆದುರು ಒಮ್ಮೆಯೂ ಕಣ್ಣೀರು ಹಾಕಲಿಲ್ಲ. ಆಕೆಯೇ ಒಂದು ದಿನ, "ದಿನಾ ಮುಂಜಾನೆದ್ದು ನಾ ಯಾವಾಗ ಡ್ಯೂಟಿಗೆ ಹೋಗೂದು ಅಂತ ಕೇಳ್ತಾನವಾ. ಒಂದ ಸಲ ಕರಕೊಂಡು ಹೋಗ್ರಿ. ಸಾಲಿ ಗಾಳಿ ಬಡದ್ರ ತಲಿ ತಿಳಿಯಾಗ್ಬಹುದು," ಅಂದರು.

ನನಗೂ ಅದೇ ಆಸೆ ಇತ್ತು. ಪ್ರಿನ್ಸಿಪಾಲರಿಗೆ ಫೋನು ಮಾಡಿದೆ. ಅವರು ಆಸ್ಪತ್ರೆಗೆ ನೋಡಲು ಬಂದಿದ್ದಾಗಲೇ ಕಣ್ಣು ಒರೆಸಿಕೊಂಡು ಹೋದವರು. "ಕರಕೊಂಡು ಬರ್ರಿ, ಅವರದ ಕ್ಲಾಸ್ ಐತಿ. ಒಂದು ಪಾಠ ಮಾಡ್ಲಿ, ನೋಡೋಣು," ಎಂದರು. ಯಾವ ಪಾಠ ಎಂದು ಗಂಡನನ್ನು ಕೇಳಿದರೆ ಯೋಚಿಸಲೇ ಇಲ್ಲ. "ರಿಕರ್ಷನ್."

ಹಾಗೆ ನಾನು, ಕನ್ನಡ ಎಂ.ಎ. ಮಾಡಿದವಳು, ರಿಕರ್ಷನ್ ಕಲಿಯಲು ಕುಳಿತೆ. ಪಾಠ ಹೇಳುವಾಗ ಅವರು ನಡುವೆ ನಿಂತುಬಿಟ್ಟರೆ ಎಲ್ಲಿದ್ದರು ಎಂದು ಹೇಳಲು ಒಬ್ಬರಿಗೆ ದಾರಿ ಗೊತ್ತಿರಬೇಕಿತ್ತು. ಕಲಿಸುವವರು ಅವರೇ. ಶಾಲೆ ಬಿಟ್ಟ ಮೇಲೆ ಪಡಸಾಲೆಯಲ್ಲಿ ಮಗಳ ಸಣ್ಣ ಬೋರ್ಡು ಗೋಡೆಗೆ ಒರಗಿಸಿ ಕೂಡುತ್ತಿದ್ದೆವು. ಅವರು ಸೂಡೊಕೋಡ್ ಬರೆದರು. ಕಂಪ್ಯೂಟರಿಗೆ ಬರೆಯುವ ಮೊದಲು ಮನುಷ್ಯರಿಗೆ ತಿಳಿಯುವ ಹಾಗೆ ಬರೆಯುವುದಕ್ಕೆ ಸೂಡೊಕೋಡ್ ಅನ್ನುತ್ತಾರೆ ಎಂದರು. ನನಗಾಗಿ ಕನ್ನಡದಲ್ಲೇ ಬರೆದರು:

ಫ್ಯಾಕ್ಟ್(ಎನ್)
ಎನ್ ಒಂದಾಗಿದ್ದರೆ, ಒಂದನ್ನು ಹಿಂತಿರುಗಿಸು
ಇಲ್ಲದಿದ್ದರೆ, ಎನ್ × ಫ್ಯಾಕ್ಟ್(ಎನ್ − ೧) ಹಿಂತಿರುಗಿಸು

"ಫ್ಯಾಕ್ಟೋರಿಯಲ್ ಅಂದ್ರ ಗೊತ್ತಲ್ಲ? ನಾಕರದು ಬೇಕಂದ್ರ ನಾಕು ಮೂರಲೆ ಎರಡಲೆ ಒಂದಲೆ ಗುಣಿಸೂದು."

ಅದು ತಿಳಿಯಿತು. ಆದರೆ ಆ ಕೊನೆಯ ಸಾಲು ನನಗೆ ಹಿಡಿಸಲಿಲ್ಲ. "ಫ್ಯಾಕ್ಟ್ ಅಂದ್ರ ಏನು ಅಂತ ಹೇಳಾಕ ಹೊಂಟೀರಿ, ಅದರಾಗ ಮತ್ತ ಫ್ಯಾಕ್ಟ್ ಅಂತೀರಿ. ಸುತ್ತಿ ಸುತ್ತಿ ಅಲ್ಲೇ ಬಂತಲ್ರಿ ಇದು."

ಅವರಿಗೆ ಸಿಟ್ಟು ಬಂತು. ಆ ಸಿಟ್ಟು ನೋಡಿ ನನಗೆಷ್ಟು ಸಂತೋಷವಾಯಿತೆಂದರೆ, ಜ್ವರಕ್ಕೆ ಮೊದಲಿನ ಮನುಷ್ಯನೇ ಎದುರಿಗೆ ಕುಳಿತಂತಾಯಿತು. "ಸುತ್ತೂದಲ್ಲ! ಇಳಿಯೂದು. ನೋಡಿಲ್ಲೆ. ನಾಕು ಹೋಗಿ ತನ್ನನ್ನ ತಾನು ಕೇಳಲಿಲ್ಲ. ಮೂರನ್ನ ಕೇಳ್ತು. ಕೆಲಸ ಒಂದ ಮೆಟ್ಟಲ ಸಣ್ಣದಾತು. ಮೂರು ಎರಡನ್ನ ಕೇಳ್ತು. ಎರಡು ಒಂದನ್ನ ಕೇಳ್ತು. ಒಂದು ಯಾರನ್ನೂ ಕೇಳೂದಿಲ್ಲ. ಅದಕ್ಕ ಉತ್ತರ ಗೊತ್ತೈತಿ. ಅಲ್ಲಿ ಇಳಿಯೂದು ನಿಂದರತೈತಿ."

"ಅದು ನಿಂದರಲಿಲ್ಲಂದ್ರ?"

"ಸೊನ್ನಿ ಬರತೈತಿ, ಸೊನ್ನಿ ಕೆಳಗ ಮೈನಸ್ ಬರತೈತಿ, ಇಳೀತ ಹೋಗತೈತಿ. ಕಂಪ್ಯೂಟರಿನ ಮೆಮೊರಿ ತುಂಬಿ ಪ್ರೋಗ್ರಾಮ್ ಬಿದ್ದು ಹೋಗತೈತಿ. ಅದಕ್ಕ ಮೊದಲನೇ ಸಾಲು ಎಲ್ಲಾಕ್ಕಿಂತ ಮುಖ್ಯ."

"ಆಮ್ಯಾಲ?"

"ಆಮ್ಯಾಲ ಹತ್ತೂದು. ಒಂದು ತನ್ನ ಉತ್ತರ ಎರಡಕ್ಕ ಕೊಡತೈತಿ. ಎರಡು ಅಲ್ಲೇ ಕಾಯಾಕತ್ತಿರತೈತಿ, ಎಲ್ಲೂ ಹೋಗಿರೂದಿಲ್ಲ. ಎರಡಲೆ ಒಂದು ಎರಡು ಅಂತ ಮಾಡಿ ಮೂರಕ್ಕ ಕೊಡತೈತಿ. ಮೂರು ಎರಡಲೆ ಆರು. ಆರು ನಾಕಲೆ ಇಪ್ಪತ್ನಾಕು. ಹೆಸರು ಎಲ್ಲಾರದೂ ಫ್ಯಾಕ್ಟ್, ಆದ್ರ ಮಂದಿ ಬ್ಯಾರೆ. ಒಬ್ಬೊಬ್ಬರೂ ತಮ್ಮ ಎನ್ ಕೈಯಾಗ ಹಿಡಕೊಂಡು ನಿಂತಿರತಾರ."

ನನಗೆ ಆ ಗಳಿಗೆಯಲ್ಲಿ ತಿಳಿಯಿತು. ಹೇಗೆ ಎಂದು ಈಗಲೂ ಹೇಳಲಾರೆ. ಒಂದೇ ಹೆಸರಿನ ಒಬ್ಬನೇ ಮನುಷ್ಯ ಗಿರಕಿ ಹೊಡೆಯುತ್ತಿದ್ದಾನೆ ಎಂದು ನಾನು ನೋಡುತ್ತಿದ್ದೆ. ಅವರು ಹೇಳಿದ ಮೇಲೆ ಸಾಲಾಗಿ ನಿಂತ ನಾಲ್ವರು ಕಂಡರು. "ತಿಳೀತ್ರಿ!" ಎಂದು ಕೂಗಿದೆ. ಅವರು ನನ್ನ ಮುಖ ನೋಡಿ ನಕ್ಕರು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರ ಪಾಠವನ್ನು ನಾನು ನಿಜವಾಗಿ ಕೇಳಿದ್ದು ಅದೇ ಮೊದಲು.

ಅಡಿಗೆಮನೆಯಿಂದ ಅಕ್ಕ ಚಹಾ ತಂದರು. ಸಿಂದಗಿಯ ಸುದ್ದಿ ಏನೋ ಹೇಳಿದರು. ಆಕೆ ಲೋಟ ತೆಗೆದುಕೊಂಡು ಹೋದ ಮೇಲೆ ನನ್ನ ಗಂಡ ಬೋರ್ಡು ನೋಡಿ, "ಇದೇನು, ಇಕಿಗೆ ಈಗ ಫ್ಯಾಕ್ಟೋರಿಯಲ್ ಬಂತೇನು ಸಾಲ್ಯಾಗ?" ಎಂದು ಮಗಳ ಕಡೆ ನೋಡಿದರು.

ನಾವು ಎಷ್ಟೋ ಸಂಜೆ ಹೀಗೆ ಕುಳಿತೆವು. ಅವರು ಒಂದರವರೆಗೆ ಇಳಿಯುವುದರಲ್ಲಿ ಎಂದೂ ತಪ್ಪಲಿಲ್ಲ. ನಡುವೆ ಏನೂ ಅಡ್ಡ ಬರದಿದ್ದರೆ ಮೇಲೆಯೂ ಸರಿಯಾಗಿ ಬರುತ್ತಿದ್ದರು. ಫೋನು ಬಂದರೆ, ಹೊರಗೆ ಯಾರಾದರೂ ಕೂಗಿದರೆ, ವಾಪಸ್ ಬರುವ ದಾರಿ ಹರಿದುಹೋಗುತ್ತಿತ್ತು. ಆಗ ನಾನು ಮೆಲ್ಲಗೆ, "ಒಂದು ಬಂತ್ರಿ. ಎರಡು ಕಾಯಾಕತ್ತೈತಿ," ಅನ್ನುವ ರೂಢಿ ಮಾಡಿಕೊಂಡೆ. ಕೆಲವು ಸಲ ಅಷ್ಟು ಸಾಕಾಗುತ್ತಿತ್ತು. ಆ ಕೆಲವು ಸಲಗಳನ್ನೇ ನಂಬಿಕೊಂಡು ಮುದ್ದೇಬಿಹಾಳಕ್ಕೆ ಹೊರಟೆವು.

ಕಾಲೇಜಿನ ಮುಂದೆ ಬಸ್ಸಿಳಿದಾಗ ಅವರು ನನಗಿಂತ ಮುಂದೆ ನಡೆದರು. ಸ್ಟಾಫ್‌ರೂಮಿನಲ್ಲಿ ತಮ್ಮ ಕುರ್ಚಿ ತಾವೇ ಹುಡುಕಿ ಕುಳಿತರು. ಎಲ್ಲರ ಹೆಸರು ಹಿಡಿದು ಕರೆದರು. ಪ್ರಿನ್ಸಿಪಾಲರು ನನ್ನ ಮುಖ ನೋಡಿ ತಲೆ ಆಡಿಸಿದರು, ಆಗಬಹುದು ಎನ್ನುವ ಹಾಗೆ. ನಾನು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕುಳಿತೆ. ಹುಡುಗರು ಎದ್ದುನಿಂತು, "ನಮಸ್ಕಾರ್ರಿ ಸರ್," ಎಂದರು. ಆ ಮಕ್ಕಳಿಗೆ ಎಲ್ಲ ಗೊತ್ತಿತ್ತು ಎಂದು ಆ ದನಿಯಲ್ಲೇ ತಿಳಿಯಿತು.

ನನ್ನ ಗಂಡ ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ನಾಲ್ಕು ಮಂದಿಯನ್ನು ಮುಂದೆ ಕರೆದು ಸಾಲಾಗಿ ನಿಲ್ಲಿಸಿದರು. ಪ್ರತಿ ವರ್ಷ ಅವರು ಹೀಗೆಯೇ ಕಲಿಸುತ್ತಿದ್ದರಂತೆ. ಮನೆಯ ಬೋರ್ಡು ನನ್ನ ಸಲುವಾಗಿ ಇತ್ತು. ಮೊದಲನೆಯವಳು ಎತ್ತರದ ಹುಡುಗಿ, ಎರಡು ಜಡೆ. ಆಕೆಗೆ, "ತಂಗಿ, ನೀ ನಾಕು. ನಿಂಗ ಉತ್ತರ ಗೊತ್ತಿಲ್ಲ. ಬಾಜೂದಾಕಿನ್ನ ಕೇಳು," ಎಂದರು.

ಹುಡುಗಿ ಕೇಳಿದಳು, "ಮೂರರ ಫ್ಯಾಕ್ಟೋರಿಯಲ್ ಎಷ್ಟು?"

"ಶಾಬಾಸ್. ಇನ್ನ ನೀ ಕಾಯಬೇಕು. ಉತ್ತರ ಬರೂತನಕ ಕುಂದರಂಗಿಲ್ಲ. ನಿನ್ನ ನಾಕು ಮರೀಬ್ಯಾಡ."

ಮೂರು ಹಿಡಿದವಳು ಎರಡನ್ನು ಕೇಳಿದಳು. ಎರಡು ಹಿಡಿದ ಹುಡುಗ ಒಂದನ್ನು ಕೇಳಿದ. ಕೊನೆಗೆ ನಿಂತಿದ್ದ ಹುಡುಗ, "ಒಂದ್ರೀ ಸರ್!" ಎಂದು ಕೂಗಿದ. ಕ್ಲಾಸೆಲ್ಲ ನಕ್ಕಿತು. ನನ್ನ ಗಂಡನೂ ನಕ್ಕರು. ಇನ್ನು ಹತ್ತುವುದಷ್ಟೇ ಬಾಕಿ.

ಬಾಗಿಲಲ್ಲಿ ಪ್ಯೂನ್ ಬಂದು ನಿಂತ. ಎನ್‌ಎಸ್‌ಎಸ್ ಶಿಬಿರದ ನೋಟಿಸು ತಂದಿದ್ದ. ಪಾಪ, ಅವನದೇನು ತಪ್ಪು, ಎಲ್ಲ ಕ್ಲಾಸಿಗೂ ಒಯ್ಯುತ್ತಿದ್ದ. ನನ್ನ ಗಂಡ ಅವನ ಯೋಗಕ್ಷೇಮ ಕೇಳಿದರು. ನೋಟಿಸನ್ನು ಗಟ್ಟಿಯಾಗಿ ಓದಿ, ಸಹಿ ಮಾಡಿ ಕೊಟ್ಟರು. ತಿರುಗಿದಾಗ ಮುಂದೆ ನಾಲ್ವರು ನಿಂತಿದ್ದರು.

"ಯಾಕ ನಿಂತೀರಿ? ಹೋಮ್‌ವರ್ಕ್ ಮಾಡಿಲ್ಲೇನು?" ದನಿಯಲ್ಲಿ ಸಿಟ್ಟಿರಲಿಲ್ಲ. "ಇರ್ಲಿ, ಇರ್ಲಿ. ಹೋಗಿ ಕುಂದರ್ರಿ."

ಯಾರೂ ಅಲುಗಾಡಲಿಲ್ಲ. ಎರಡು ಜಡೆಯ ಹುಡುಗಿ ನನ್ನ ಕಡೆ ನೋಡಿದಳು. ನಾನು ಎದ್ದು, ಮನೆಯಲ್ಲಿ ಅಭ್ಯಾಸ ಮಾಡಿದ ದನಿಯಲ್ಲೇ ಹೇಳಿದೆ: "ಸರ್, ಒಂದು ಬಂತ್ರಿ. ಎರಡು ಕಾಯಾಕತ್ತೈತಿ."

ಅವರು ನನ್ನ ಕಡೆ ನೋಡಿದರು. ಕ್ಲಾಸಿನಲ್ಲಿ ಹೆಂಡತಿ ಯಾಕಿದ್ದಾಳೆ ಎಂಬ ಆಶ್ಚರ್ಯ ಮುಖದ ಮೇಲೆ ಬಂತು. ಹುಡುಗರೆದುರು ಅದನ್ನು ತೋರಿಸಬಾರದೆಂದು ನಕ್ಕರು. "ಏನು ಒಂದು ಬಂತು?" ಎಂದರು.

ಕೊನೆಯ ಹುಡುಗ ಮೊದಲು ಹೋಗಿ ಕುಳಿತ. ಆಮೇಲೆ ಎರಡು, ಆಮೇಲೆ ಮೂರು. ಎತ್ತರದ ಹುಡುಗಿ ಮಾತ್ರ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು. ಅವರು ಆಕೆಯ ತಲೆಯ ಮೇಲೆ ಕೈಯಿಟ್ಟು, "ಹೋಗವಾ," ಎಂದಾಗ ಆಕೆಯೂ ಹೋದಳು. ಅವರು ಕೈ ಉಜ್ಜಿಕೊಂಡು ಮೇಜಿನ ಮುಂದೆ ಬಂದು ನಿಂತರು. ಮುಖದಲ್ಲಿ ಅದೇ ಉಮೇದು. "ಇವತ್ತ ನಾವು ಬಾಳ ಚಂದದ ಪಾಠ ಒಂದು ನೋಡೋಣು. ರಿಕರ್ಷನ್ ಅಂತ," ಎಂದರು.

ಹುಡುಗರು ಪುಸ್ತಕದಲ್ಲಿ ಹೊಸ ಹಾಳೆ ತೆಗೆದರು. ಒಬ್ಬರೂ ಪಿಸುಗುಡಲಿಲ್ಲ, ಒಬ್ಬರೂ ನಗಲಿಲ್ಲ. ಆ ಮಕ್ಕಳ ಒಳ್ಳೆಯತನವನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಹೊರಗೆ ಬಂದು ವರಾಂಡದ ಕಂಬ ಹಿಡಿದು ನಿಂತೆ. ಒಳಗೆ ಬೋರ್ಡಿನ ಮೇಲೆ ಚಾಕಿನ ಸಪ್ಪಳವಾಯಿತು, ಅವರು ಮತ್ತೆ ಮೊದಲಿನಿಂದ ಹೇಳುತ್ತಿದ್ದರು. ಮತ್ತೆ ನಾಲ್ವರನ್ನು ಕರೆಯುವಷ್ಟರಲ್ಲಿ ಬೆಲ್ಲು ಹೊಡೆಯಿತು.

ಪ್ರಿನ್ಸಿಪಾಲರು, "ನಾ ಏನ ಹೇಳ್ಲಿ ಅಕ್ಕಾರ," ಎಂದಷ್ಟೇ ಹೇಳಿದರು. ವಾಪಸ್ ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಅವರನ್ನು ಕೂಡಿಸಿದ್ದೆ. ತೊಗರಿ ಹೊಲ ನೋಡುತ್ತ ಕುಳಿತಿದ್ದವರು, ಅಂಗಿಯ ತೋಳಿಗೆ ಹತ್ತಿದ್ದ ಚಾಕ್‌ಪುಡಿ ಕಂಡು, "ನಾ ಇವತ್ತ ಪಾಠ ಮಾಡಿದ್ನೇನು?" ಎಂದು ಕೇಳಿದರು.

"ಹೂಂರಿ."

"ಹೆಂಗಾತು?"

"ಚಲೋ ಆತ್ರಿ. ಹುಡುಗರೆಲ್ಲಾ ಲಕ್ಷ್ಯ ಕೊಟ್ಟು ಕೇಳಿದ್ರು."

ಅವರು ಸಮಾಧಾನದಿಂದ ಸೀಟಿಗೆ ಒರಗಿದರು. ಆಮೇಲೆ ಅವರು ಆ ಕಾಲೇಜಿಗೆ ಹೋಗಲಿಲ್ಲ. ಸ್ವಂತ ಇಚ್ಛೆಯಿಂದ ನಿವೃತ್ತಿ ಎಂಬ ಕಾಗದಕ್ಕೆ ಸಹಿ ಮಾಡುವಾಗ ಏನೆಂದು ಓದಿ ನೋಡಿದರು, ಬಹಳ ಹೊತ್ತು ನನ್ನ ಮುಖ ನೋಡಿದರು, ಸಹಿ ಮಾಡಿದರು. ಅಂದು ಊಟ ಮಾಡಲಿಲ್ಲ. ಯಾಕೆ ಹಸಿವಿಲ್ಲ ಎಂಬುದು ಮಾತ್ರ ಸ್ವಲ್ಪ ಹೊತ್ತಿಗೆ ಅವರಿಗೂ ತಿಳಿಯದಾಯಿತು. ದುಃಖ ಉಳಿದಿತ್ತು, ಅದರ ಕಾರಣ ಹೋಗಿತ್ತು. ಅದನ್ನು ನೋಡುವುದಕ್ಕಿಂತ ಕಷ್ಟದ್ದನ್ನು ನಾನು ಕಂಡಿಲ್ಲ.

ವರ್ಷಗಳು ಹೋದವು. ಒಂದು ಬೇಸಿಗೆಯಲ್ಲಿ ಅಕ್ಕ ಅವರನ್ನು ಸಿಂದಗಿಗೆ ಕರೆದುಕೊಂಡು ಹೋದರು. ಗೊತ್ತಿಲ್ಲದ ಬಾಗಿಲುಗಳ ನಡುವೆ ಹೆದರಿಕೊಂಡರೆಂದು ವಾರ ತುಂಬುವ ಮೊದಲೇ ಕರೆತಂದರು. ನಾನು ಶಾಲೆಗೆ ಹೋಗುತ್ತೇನೆ, ಬರುತ್ತೇನೆ. ಮಗಳು ಎತ್ತರವಾದಳು. ಕೂದಲು ಕತ್ತರಿಸಿಕೊಂಡಳು, ಕನ್ನಡಕ ಬಂತು. ಹತ್ತನೆಯದು ಮುಗಿಸಿ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಳು.

ಕಳೆದ ವರ್ಷ ಆಕೆಯ ಕಾಲೇಜಿನಲ್ಲಿ ಆ ಪಾಠ ಬಂತು. ತಿಳಿಯಲಿಲ್ಲವಂತೆ. ನನ್ನನ್ನು ಕೇಳಿದಳು. "ನಾ ಹೇಳಬಲ್ಲೆ. ಆದ್ರ ನಿಮ್ಮಪ್ಪಾನ್ನ ಕೇಳು," ಎಂದೆ.

ರವಿವಾರ ಬೆಳಗಿನ ಹೊತ್ತು. ಆಕೆ ಮನೆಯ ಫೋನುಗಳನ್ನೆಲ್ಲ ಬಂದ್ ಮಾಡಿದಳು. ಮುಂಬಾಗಿಲಿಗೆ ಅಗಳಿ ಹಾಕಿದಳು. "ಅತ್ತಿ, ಚಹಾ ತರಬ್ಯಾಡ್ರಿ ಹಾ, ನಾ ಕರೆಯೂತನಕ," ಎಂದು ಅಡಿಗೆಮನೆಯಲ್ಲಿದ್ದ ಅಕ್ಕನಿಗೆ ಹೇಳಿದಳು. ಅಪ್ಪನ ಎದುರು ಪುಸ್ತಕ ಹಿಡಿದು ಕುಳಿತು, ಒಂದರಿಂದ ನಾಲ್ಕರವರೆಗಿನ ಮೊತ್ತವನ್ನು ರಿಕರ್ಷನ್‌ನಿಂದ ಮಾಡುವುದು ಹೇಗೆ ಎಂದು ಕೇಳಿದಳು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

ಅವರು ಹೇಳಿದರು. ಎಂಥಾ ಪಾಠ ಅದು! "ನಾಕರ ಮೊತ್ತ ಅಂದ್ರ, ನಾಕಕ್ಕ ಮೂರರ ಮೊತ್ತ ಕೂಡಿಸೂದು. ಮೂರರ ಮೊತ್ತ ಹೆಂಗ ಬರತೈತಿ ಅಂತ ನಾಕು ತಲಿ ಕೆಡಿಸಿಕೊಳ್ಳೂದಿಲ್ಲ. ಬರತೈತಿ ಅಂತ ನಂಬತೈತಿ. ನೀನೂ ಹಂಗ ನಂಬು. ಎಲ್ಲಾ ಮೆಟ್ಟಲ ಒಮ್ಮೆ ತಲಿಯಾಗ ಇಟ್ಕೊಳ್ಳಾಕ ಹೋಗಬ್ಯಾಡ. ಒಂದ ಮೆಟ್ಟಲ ಸರಿ ಐತೇನು ನೋಡು, ಕೆಳಗ ನಿಂದರೂ ಜಾಗಾ ಐತೇನು ನೋಡು. ಸಾಕು." ಒಂದರವರೆಗೆ ಇಳಿದರು. ಹೊರಗೆ ಬೀದಿಯಲ್ಲಿ ತರಕಾರಿಯವನು ಕೂಗಿದ. ಮಗಳು ಕೂಡಲೇ, "ಒಂದಕ್ಕ ಎರಡು ಕೂಡಿಸಿದ್ರ ಮೂರು, ಹೌದಲ್ರಿ?" ಎಂದಳು. "ಹೌದು, ಮೂರು," ಎಂದು ಅವರು ಮೇಲೆ ಹತ್ತಿದರು. "ಮೂರಕ್ಕ ಮೂರು ಆರು. ಆರಕ್ಕ ನಾಕು ಹತ್ತು. ಬಂತು ನೋಡು!"

ಮಗಳ ಮುಖ ಅರಳಿತು. ತಿಳಿದ ಮುಖ. ಅವರು ಅದನ್ನೇ ನೋಡುತ್ತ ಖುಷಿಯಿಂದ ಕುಳಿತಿದ್ದರು. ಆಮೇಲೆ ಕೇಳಿದರು:

"ಶ್ಯಾಣ್ಯಾಕಿ ಇದ್ದೀ ತಂಗಿ. ಯಾವ ಊರಾಕಿ ನೀ?"

ಹೀಗೆ ಆಗಬಹುದು ಎಂದು ಡಾಕ್ಟರು ಹೇಳಿದ್ದರು. ಅವರ ನೆನಪಿನಲ್ಲಿರುವ ಮಗಳು ಚಿಕ್ಕವಳು. ದಣಿದಾಗ ಈಗಿನವಳನ್ನು ಗುರುತಿಸದೇ ಹೋಗಬಹುದು ಎಂದು. ಆದರೆ ಅದುವರೆಗೆ ಆಗಿರಲಿಲ್ಲ. ನಾನು ಒಂದು ಹೆಜ್ಜೆ ಮುಂದಿಟ್ಟೆ. ಮಗಳು ನನ್ನ ಕಡೆ ನೋಡದೆ ಕೈ ಎತ್ತಿ ಬೇಡವೆಂದು ಸನ್ನೆ ಮಾಡಿದಳು.

"ಇಲ್ಲೇ ಬಾಗೇವಾಡ್ಯಾಕಿರಿ ಸರ್."

"ಹೌದಾ? ನಂಗೂ ಒಬ್ಬಾಕಿ ಮಗಳದಾಳ. ಇನ್ನಾ ಏಳನೇ ಕ್ಲಾಸು. ಲೆಕ್ಕ ಅಂದ್ರ ಅಂಜತಾಳ ನೋಡು. ದೊಡ್ಡಾಕಿ ಆದ ಮ್ಯಾಲ ಆಕಿಗೂ ಇದನ್ನ ಕಲಿಸಬೇಕಂತೇನಿ."

"ಕಲಿಸ್ರಿ ಸರ್," ಎಂದಳು ಮಗಳು. "ಆಕಿಗೆ ತಿಳೀತೈತಿ."

ಪುಸ್ತಕ ಮುಚ್ಚಿ, ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಒಳಗೆ ಬಂದಳು. ನಾನು ತಬ್ಬಿಕೊಳ್ಳಲು ಹೋದೆ. ಆಕೆ ನನ್ನನ್ನು ದಾಟಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟಳು. ನೀರಿನ ಸಪ್ಪಳ ಬಹಳ ಹೊತ್ತು ಕೇಳಿತು. ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು. "ಸಂಜಿಗೆ ಗುರ್ತು ಹಿಡೀತಾರವಾ," ಎಂದೆ.

"ಗೊತ್ತೈತಿ ಬಿಡವಾ," ಎಂದಳು. "ಎಷ್ಟ ಚಲೋ ಕಲಿಸಿದ್ರಲ್ಲಾ."

ಸಂಜೆಗೆ ಗುರುತು ಹಿಡಿದರು. ಏನೂ ಆಗದವರ ಹಾಗೆ ಆಕೆಯ ತಲೆ ನೇವರಿಸಿ, ಕೂದಲು ಯಾಕೆ ಕತ್ತರಿಸಿಕೊಂಡೆ ಎಂದು ಬೈದರು.

ಪರೀಕ್ಷೆಯಲ್ಲಿ ರಿಕರ್ಷನ್ ಮೇಲೆ ಒಂದು ಪ್ರಶ್ನೆ ಬಂತು. ಮಗಳು ಪೂರ್ತಿ ಬರೆದೆನೆಂದು ಬಂದು ಹೇಳಿದಳು. ಅವರು ಊಟಕ್ಕೆ ಕುಳಿತಿದ್ದರು. ಕೇಳಿ ಬಹಳ ಸಂತೋಷಪಟ್ಟರು. ಆ ಪಾಠ ಬಹಳ ಮಂದಿಗೆ ತಿಳಿಯುವುದಿಲ್ಲ, ಕಲಿಸುವವರು ಸರಿಯಾಗಿರಬೇಕು ಎಂದರು.

"ನಿನಗ ಯಾರು ಕಲಿಸಿದ್ರು?"

"ನಮ್ಮ ಸರ್ ಒಬ್ಬರು, ಅಪ್ಪಾ."

"ಚಲೋ ಸರ್ ಸಿಕ್ಕಾರ ಬಿಡು ನಿಂಗ," ಎಂದರು ಅವರು, ರೊಟ್ಟಿ ಮುರಿಯುತ್ತ.

ಮಗಳು ಅವರ ತಾಟಿಗೆ ಇನ್ನಷ್ಟು ಪಲ್ಯ ಬಡಿಸಿದಳು. ನಾನು ನೀರು ತರುವ ನೆವ ಮಾಡಿ ಹಿತ್ತಲಿಗೆ ಹೋದೆ.